ನಿಲ್ಲುವ ಪಾದ, ಓಡುವ ಕಂಬ: ಒಂದು ಬೋಲ್ಡ್ ಇಟಾಲಿಕ್ ಸ್ಲ್ಯಾಬ್ ಸೆರಿಫ್ ಆಯ್ಕೆಯ ಪ್ರಕರಣ ಅಧ್ಯಯನ

ಸೈಕಲ್ ಪಂದ್ಯಗಳ ಕುರಿತು ಬರೆಯುವ ಒಂದು ಇಂಗ್ಲಿಷ್ ತ್ರೈಮಾಸಿಕದ ಪುಟವಿನ್ಯಾಸವನ್ನು ಸರಿಪಡಿಸುವ ಕೆಲಸ ನನ್ನ ಬಳಿಗೆ ಬಂದಾಗ ಅದರ ಮೂರು ಸಂಚಿಕೆಗಳು ಆಗಲೇ ಅಚ್ಚಾಗಿದ್ದವು. ಲೇಖನಗಳ ಬಗ್ಗೆ ಓದುಗರಿಗೆ ದೂರಿರಲಿಲ್ಲ, ಚಿತ್ರಗಳು ಚೆನ್ನಾಗಿದ್ದವು, ಕಾಗದವೂ ಒಳ್ಳೆಯದೇ. ಸಂಪಾದಕರನ್ನು ಕಾಡುತ್ತಿದ್ದುದು ಶೀರ್ಷಿಕೆಗಳು. ವೇಗವೂ ಬೇಕು, ಭಾರವೂ ಬೇಕು ಎಂದು ಅವರು ಮೊದಲಿನಿಂದಲೂ ಹೇಳುತ್ತ ಬಂದಿದ್ದರು, ಅದಕ್ಕೆ ತಕ್ಕಂತೆ ಹಿಂದಿನ ವಿನ್ಯಾಸಕರು ದಪ್ಪ ಸ್ಲ್ಯಾಬ್ ಸೆರಿಫ್ ಅಕ್ಷರವನ್ನು, ಅಂದರೆ ಗೆರೆಗಳ ತುದಿಗೆ ಚಪ್ಪಡಿಯಂತಹ ದಪ್ಪ ಪಾದಗಳಿರುವ ಇಂಗ್ಲಿಷ್ ಅಕ್ಷರವನ್ನು, ಓರೆಯಾಗಿ ಬಳಸಿದ್ದರು. ಕಾಗದದ ಮೇಲೆ ಬಂದದ್ದನ್ನು ನೋಡಿದಾಗ ಸಂಪಾದಕರಿಗೆ ಅನ್ನಿಸಿದ್ದು ಬೇರೆ. “ಅಕ್ಷರ ಓಡುತ್ತಿರುವಂತೆ ಕಾಣಬೇಕಿತ್ತು, ಇದು ಕಾಲು ಜಾರಿ ಬೀಳುತ್ತಿರುವಂತೆ ಕಾಣುತ್ತದೆ, ನೀವೇ ನೋಡಿ” ಎಂದು ಮೂರನೆಯ ಸಂಚಿಕೆಯನ್ನು ಮೇಜಿನ ಮೇಲೆ ತೆರೆದಿಟ್ಟರು.

ಅವರು ಹೇಳಿದ್ದು ಅಕ್ಷರಶಃ ಸರಿಯಾಗಿತ್ತು. ಅದು ಏಕೆ ಹಾಗೆ ಕಾಣುತ್ತಿತ್ತು, ಅದರ ಬದಲಿಗೆ ಏನನ್ನು ತಂದೆವು, ತಂದದ್ದನ್ನು ಎಲ್ಲಿ ಬಳಸಿದೆವು, ಎಲ್ಲಿ ಬಳಸಲು ಹೋಗಿ ಹಿಂದೆ ಸರಿದೆವು ಎಂಬುದನ್ನು ಈ ಬರಹದಲ್ಲಿ ದಾಖಲಿಸಿದ್ದೇನೆ. ಕೊನೆಗೆ ಆರಿಸಿದ ಅಕ್ಷರಕುಟುಂಬದ (ಒಂದೇ ವಿನ್ಯಾಸದ ತೆಳು, ದಪ್ಪ, ಓರೆ ರೂಪಗಳ ಗುಂಪಿನ) ಹೆಸರನ್ನು ಬೇಕೆಂದೇ ಬಿಟ್ಟಿದ್ದೇನೆ. ಹೆಸರು ಹೇಳಿದರೆ ಓದುವವರು ಗುಣವನ್ನು ಬಿಟ್ಟು ಹೆಸರನ್ನು ಹಿಡಿದುಕೊಳ್ಳುತ್ತಾರೆ.

ಮೊದಲ ತಪಾಸಣೆ

ಅಚ್ಚಿಗೆ ಹೋಗಿದ್ದ ಪಿಡಿಎಫ್ ಕಡತವನ್ನು ತೆರೆದು ಅದರಲ್ಲಿ ಸೇರಿದ್ದ ಫಾಂಟ್‌ಗಳ ಪಟ್ಟಿಯನ್ನು ನೋಡಿದೆ. ಶೀರ್ಷಿಕೆಗಳೆಲ್ಲ ಓರೆಯಾಗಿದ್ದರೂ ಪಟ್ಟಿಯಲ್ಲಿ ಇದ್ದುದು ನೆಟ್ಟಗಿನ ಬೋಲ್ಡ್ ಒಂದೇ. ಆ ಕುಟುಂಬದಲ್ಲಿ ಇಟಾಲಿಕ್, ಅಂದರೆ ಓರೆಯಾಗಿಯೇ ಬರೆದ ರೂಪ, ಎಂಬುದೇ ಇರಲಿಲ್ಲ. ವಿನ್ಯಾಸದ ತಂತ್ರಾಂಶದಲ್ಲಿ ಅಕ್ಷರವನ್ನು 14 ಡಿಗ್ರಿಯಷ್ಟು ಬಲಕ್ಕೆ ವಾಲಿಸಿ ಕೆಲಸ ಮುಗಿಸಲಾಗಿತ್ತು. ಪತ್ರಿಕೆಯ ಜಾಲತಾಣದಲ್ಲೂ ಅದೇ ಕಥೆ: ಇಟಾಲಿಕ್ ಬೇಕೆಂದು ಕೇಳಿ, ಇಟಾಲಿಕ್ ಕಡತವನ್ನು ಒದಗಿಸದೆ ಹೋದರೆ ಬ್ರೌಸರ್ ತಾನೇ ನೆಟ್ಟಗಿನ ಅಕ್ಷರವನ್ನು ವಾಲಿಸಿ ತೋರಿಸುತ್ತದೆ. ಓರೆಯ ಕೋನವನ್ನು ಹೇಳದಿದ್ದಾಗ ವೆಬ್ ಶೈಲಿಯ ನಿಯಮಾವಳಿ ಇಟ್ಟುಕೊಂಡಿರುವ ಕೋನವೂ 14 ಡಿಗ್ರಿಯೇ. ಹೀಗಾಗಿ ಅಚ್ಚಿನಲ್ಲಿಯೂ ಪರದೆಯ ಮೇಲೆಯೂ ಒಂದೇ ಬಗೆಯ ದೋಷ ಒಂದೇ ಅಳತೆಯಲ್ಲಿ ಕುಳಿತಿತ್ತು. ಎರಡೂ ಕಡೆ ಒಂದೇ ರೀತಿ ಕಾಣುತ್ತಿದ್ದುದರಿಂದಲೇ ಅದು ವಿನ್ಯಾಸದ ಉದ್ದೇಶವೆಂದು ಎಲ್ಲರೂ ನಂಬಿದ್ದರು.

ಈ ಕುಟುಂಬದಲ್ಲಿ ಇಟಾಲಿಕ್ ಏಕಿಲ್ಲ ಎಂದು ಸಂಪಾದಕರು ಕೇಳಿದರು. ಅದಕ್ಕೆ ಉತ್ತರ ಹೇಳಲು ಸ್ವಲ್ಪ ಹಿಂದಕ್ಕೆ ಹೋಗಬೇಕಾಯಿತು.

ಎರಡು ಬೇರೆ ಒತ್ತುಗಳು

ರೋಮನ್ ಲಿಪಿಯ ಅಕ್ಷರದ ಕಂಬದ, ಅಂದರೆ ನೆಟ್ಟಗಿನ ಗೆರೆಯ, ತುದಿಯಲ್ಲಿ ಅಡ್ಡಲಾಗಿ ಚಾಚಿಕೊಳ್ಳುವ ಚಿಕ್ಕ ಗೆರೆಯೇ ಸೆರಿಫ್. ಕನ್ನಡದ ತಲೆಕಟ್ಟಿಗೆ ಇದನ್ನು ಹೋಲಿಸುವವರಿದ್ದಾರೆ. ಆ ಹೋಲಿಕೆ ಅರ್ಧ ಮಾತ್ರ ಸರಿ, ಏಕೆಂದರೆ ತಲೆಕಟ್ಟು ಅಕ್ಷರದ ಅಂಗ, ತೆಗೆದರೆ ಅಕ್ಷರವೇ ಕೆಡುತ್ತದೆ, ಆದರೆ ಸೆರಿಫ್ ತೆಗೆದರೂ ರೋಮನ್ ಅಕ್ಷರ ತನ್ನ ಗುರುತನ್ನು ಉಳಿಸಿಕೊಳ್ಳುತ್ತದೆ. ಪುಸ್ತಕಗಳ ಸಾಮಾನ್ಯ ಅಕ್ಷರದಲ್ಲಿ ಸೆರಿಫ್ ಕಂಬದಿಂದ ಬಾಗಿ ಹೊರಟು ತುದಿಗೆ ಬರುವಾಗ ತೆಳುವಾಗುತ್ತದೆ. ಸ್ಲ್ಯಾಬ್‌ನಲ್ಲಿ ಹಾಗಲ್ಲ, ಕಂಬದಷ್ಟೇ ದಪ್ಪನಾದ, ಅಥವಾ ಅದಕ್ಕೆ ಸಮೀಪದ ದಪ್ಪದ ಚಪ್ಪಡಿಯೊಂದನ್ನು ಕಂಬದ ಅಡಿಗೂ ತಲೆಗೂ ಇಟ್ಟಂತೆ ಇರುತ್ತದೆ. ಅಕ್ಷರ ಸಾಲಿನ ಮೇಲೆ ಕಾಲೂರಿ ನಿಂತಂತೆ ಕಾಣುವುದು ಈ ಚಪ್ಪಡಿಗಳಿಂದ.

ಈ ಬಗೆಯ ಅಚ್ಚುಮೊಳೆಗಳನ್ನು 1815ರ ಸುಮಾರಿಗೆ ಲಂಡನ್ನಿನ ಮೊಳೆ ತಯಾರಕ ವಿನ್ಸೆಂಟ್ ಫಿಗಿನ್ಸ್ ತನ್ನ ಮಾದರಿ ಪುಸ್ತಕದಲ್ಲಿ ‘ಆಂಟೀಕ್’ ಎಂಬ ಹೆಸರಿನಲ್ಲಿ ತೋರಿಸಿದ. ಸ್ವಲ್ಪ ಕಾಲದಲ್ಲೇ ಈ ಬಗೆಗೆ ‘ಈಜಿಪ್ಷಿಯನ್’ ಎಂಬ ಹೆಸರು ಅಂಟಿಕೊಂಡಿತು. ನೆಪೋಲಿಯನ್ 1798ರಲ್ಲಿ ಈಜಿಪ್ಟಿಗೆ ದಂಡೆತ್ತಿ ಹೋದ ಮೇಲೆ ಯುರೋಪಿನಲ್ಲಿ ಹಬ್ಬಿದ್ದ ಈಜಿಪ್ಟಿನ ಗೀಳನ್ನು ಬಿಟ್ಟರೆ ಅಕ್ಷರಕ್ಕೂ ಆ ದೇಶಕ್ಕೂ ಯಾವ ಸಂಬಂಧವೂ ಇಲ್ಲ. ಆದರೂ 1929ರ ‘ಮೆಂಫಿಸ್’, 1931ರ ‘ಕಾರ್ನಾಕ್’ ಎಂಬ ಹೆಸರುಗಳವರೆಗೆ ಆ ಗೀಳಿನ ನೆರಳು ಬಂದಿದೆ. ಆ ಮೊಳೆಗಳು ಹುಟ್ಟಿದ್ದು ಪುಸ್ತಕಕ್ಕಾಗಿ ಅಲ್ಲ. ಗೋಡೆಯ ಮೇಲೆ ಅಂಟಿಸಿದ ಭಿತ್ತಿಪತ್ರ ಬೀದಿಯ ಆಚೆಯಿಂದ ಕಾಣಬೇಕಿತ್ತು, ಕೂಗಿ ಕರೆಯಬೇಕಿತ್ತು. ಅದಕ್ಕೆ ನಾಜೂಕಾದ ತೆಳುಗೆರೆ ನಿರುಪಯೋಗಿ.

ಬೋಲ್ಡ್ ಎಂಬುದನ್ನು ಓದುವ ಪಠ್ಯದ ಒಳಗೇ ಒಂದು ಜೊತೆಗಾರನಾಗಿ ತಂದದ್ದರಲ್ಲಿಯೂ ಸ್ಲ್ಯಾಬ್‌ನದ್ದೇ ದೊಡ್ಡ ಪಾಲು. 1845ರಲ್ಲಿ ಲಂಡನ್ನಿನ ಫ್ಯಾನ್ ಸ್ಟ್ರೀಟ್ ಫೌಂಡ್ರಿಯಿಂದ (ಮೊಳೆ ಎರಕದ ಕಾರ್ಖಾನೆಯಿಂದ) ರಾಬರ್ಟ್ ಬೆಸ್ಲಿ ಹೊರತಂದ ‘ಕ್ಲಾರೆಂಡನ್’ ಮೊಳೆಯನ್ನು ಬೆಂಜಮಿನ್ ಫಾಕ್ಸ್ ಕೊರೆದಿದ್ದ. ನಿಘಂಟಿನಂತಹ ಪುಸ್ತಕಗಳಲ್ಲಿ ಸಾಮಾನ್ಯ ಅಕ್ಷರದ ಪಕ್ಕದಲ್ಲೇ ಪದವೊಂದನ್ನು ಎತ್ತಿ ತೋರಿಸುವ ಕೆಲಸಕ್ಕೆ ಅದು ಸರಿಹೊಂದಿತು. ಅಕ್ಷರದ ಆಕಾರವನ್ನು ಆಗಿನ ವಿನ್ಯಾಸ ಕಾಯಿದೆಯಡಿ ನೋಂದಾಯಿಸಿ ಮೂರು ವರ್ಷದ ರಕ್ಷಣೆಯನ್ನೂ ಪಡೆದಿದ್ದರು. ಅವಧಿ ಮುಗಿಯುತ್ತಲೇ ಉಳಿದ ಫೌಂಡ್ರಿಗಳು ಅದನ್ನು ಅನುಕರಿಸಿದವು.

ಇಟಾಲಿಕ್ ಬಂದ ದಾರಿ ಪೂರ್ತಿ ಬೇರೆ. ವೆನಿಸ್‌ನ ಪ್ರಕಾಶಕ ಆಲ್ಡಸ್ ಮನೂಶಿಯಸ್‌ಗಾಗಿ ಫ್ರಾಂಚೆಸ್ಕೊ ಗ್ರಿಫೊ ಕೊರೆದ ಮೊಳೆಯಲ್ಲಿ 1501ರಲ್ಲಿ ವರ್ಜಿಲನ ಕಾವ್ಯ ಇಡಿಯಾಗಿ ಅಚ್ಚಾಯಿತು. ಅದು ಒತ್ತು ಕೊಡುವ ಅಕ್ಷರವಾಗಿರಲಿಲ್ಲ. ಬಿರುಸಾಗಿ ಬರೆಯುವ ಕೈಬರಹವನ್ನು ಅನುಸರಿಸಿದ, ತನ್ನಷ್ಟಕ್ಕೆ ತಾನೇ ಒಂದು ಓದುವ ಅಕ್ಷರವಾಗಿತ್ತು. ಆಗ ಅದರ ದೊಡ್ಡಕ್ಷರಗಳು ನೆಟ್ಟಗೇ ನಿಲ್ಲುತ್ತಿದ್ದವು ಎಂಬುದನ್ನು ಇಲ್ಲಿ ನೆನಪಿಡಬೇಕು, ಏಕೆಂದರೆ ಓರೆಯೇ ಇಟಾಲಿಕ್‌ನ ಸಾರ ಎಂಬ ನಮ್ಮ ಇಂದಿನ ನಂಬಿಕೆಯನ್ನು ಅದು ಸಡಿಲಗೊಳಿಸುತ್ತದೆ. ಇಟಾಲಿಕ್‌ನ ಸಾರ ಇರುವುದು ಲೇಖನಿ ಕಾಗದದಿಂದ ಏಳದೆ ಒಂದು ಗೆರೆಯಿಂದ ಇನ್ನೊಂದಕ್ಕೆ ಹರಿಯುವುದರಲ್ಲಿ.

ಹಾಗಾಗಿ ಬೋಲ್ಡ್ ಇಟಾಲಿಕ್ ಸ್ಲ್ಯಾಬ್ ಎಂದರೆ ಬೇರೆ ಬೇರೆ ಶತಮಾನಗಳಲ್ಲಿ ಬೇರೆ ಬೇರೆ ಉದ್ದೇಶಕ್ಕೆ ಹುಟ್ಟಿದ ಮೂರು ಗುಣಗಳನ್ನು ಒಂದೇ ಅಕ್ಷರದಲ್ಲಿ ಕೂರಿಸುವ ಸಾಹಸ. ಚಪ್ಪಡಿ ನಿಲ್ಲು ಎನ್ನುತ್ತದೆ, ಓರೆ ನಡೆ ಎನ್ನುತ್ತದೆ, ದಪ್ಪ ಎರಡಕ್ಕೂ ಜಾಗ ಬಿಡದೆ ಒಳಗಿನ ಖಾಲಿಯನ್ನೆಲ್ಲ ತುಂಬುತ್ತದೆ. ಹತ್ತೊಂಬತ್ತನೆಯ ಶತಮಾನದ ಕ್ಲಾರೆಂಡನ್ ಬಗೆಯ ಅಕ್ಷರಗಳಿಗೆ ಸಾಮಾನ್ಯವಾಗಿ ಇಟಾಲಿಕ್ ಇರಲಿಲ್ಲ. ಆ ಕೊರತೆಯನ್ನು ತುಂಬುವುದೇ 2009ರಲ್ಲಿ ಬಂದ ‘ಸೆಂಟಿನೆಲ್’ ಕುಟುಂಬದ ಉದ್ದೇಶಗಳಲ್ಲಿ ಒಂದಾಗಿತ್ತು. ವೃತ್ತ ಮತ್ತು ಸರಳರೇಖೆಗಳಿಂದ ಕಟ್ಟಿದ 1934ರ ‘ರಾಕ್‌ವೆಲ್’ನಂತಹವುಗಳ ಇಟಾಲಿಕ್ ನೆಟ್ಟಗಿನ ಅಕ್ಷರವನ್ನೇ ವಾಲಿಸಿ ತಿದ್ದಿದ ರೂಪ. 1990ರ ‘ಸಿಸಿಲಿಯಾ’ದಲ್ಲಿ ಪೀಟರ್ ಮಥಿಯಾಸ್ ನೋರ್ಡ್‌ಝೈ ಅಗಲ ಮೊನೆಯ ಲೇಖನಿಯ ತರ್ಕವನ್ನು ಸ್ಲ್ಯಾಬ್‌ಗೆ ತಂದು, ಇಟಾಲಿಕ್ ಅನ್ನು ಕೈಬರಹದ ಕಡೆಯಿಂದ ಕಟ್ಟಿದರು. ಇಂದಿಗೂ ‘ರೋಬೋಟೊ ಸ್ಲ್ಯಾಬ್’ನಂತೆ ಇಟಾಲಿಕ್ ಇಲ್ಲದೆಯೇ ವ್ಯಾಪಕವಾಗಿ ಬಳಕೆಯಲ್ಲಿರುವ ಸ್ಲ್ಯಾಬ್‌ಗಳಿವೆ. ಪತ್ರಿಕೆ ಕೊಂಡಿದ್ದ ಕುಟುಂಬವೂ ಆ ಸಾಲಿಗೆ ಸೇರಿದ್ದು. ಅದು ಅಕ್ಷರ ಮಾಡಿದವರ ತಪ್ಪಲ್ಲ, ಇಲ್ಲದ್ದನ್ನು ಇದೆಯೆಂದು ಬಳಸಿದವರ ತಪ್ಪು.

ವಾಲಿಸಿದಾಗ ಏನು ಕೆಟ್ಟಿತು

ಅಕ್ಷರ ಬೀಳುತ್ತಿರುವಂತೆ ಕಾಣುತ್ತದೆ ಎಂಬ ಅನಿಸಿಕೆಯನ್ನು ಅನಿಸಿಕೆಯಾಗಿಯೇ ಬಿಡದೆ, ಅಳೆದು ನೋಡಿದೆ. ಗಣಿತ ಸರಳವಾದದ್ದು, ಫಲಿತಾಂಶ ಮಾತ್ರ ನನಗೂ ಸ್ವಲ್ಪ ಅಚ್ಚರಿ ತಂದಿತು.

ಅಕ್ಷರವನ್ನು ವಾಲಿಸುವಾಗ ಪ್ರತಿ ಬಿಂದುವೂ ತನ್ನ ಎತ್ತರಕ್ಕೆ ಅನುಗುಣವಾಗಿ ಬಲಕ್ಕೆ ಸರಿಯುತ್ತದೆ. ಅಡ್ಡ ಅಳತೆ ಬದಲಾಗುವುದಿಲ್ಲ. 14 ಡಿಗ್ರಿ ವಾಲಿದ ಕಂಬವನ್ನು ಅದರ ಬೆನ್ನಿಗೆ ಲಂಬವಾಗಿ ಅಳೆದರೆ ಸುಮಾರು 3 ಪ್ರತಿಶತ ತೆಳುವಾಗಿರುತ್ತದೆ. ಚಪ್ಪಡಿಗಳು ಮಾತ್ರ ಇದ್ದಷ್ಟೇ ದಪ್ಪ ಉಳಿಯುತ್ತವೆ. ಇಷ್ಟೇ ಆಗಿದ್ದರೆ ಕಣ್ಣು ಕ್ಷಮಿಸುತ್ತಿತ್ತು. ದೊಡ್ಡಕ್ಷರ ‘ವಿ’ಯಲ್ಲಿ ಎರಡು ತೋಳುಗಳೂ ಲಂಬದಿಂದ 20 ಡಿಗ್ರಿ ಓರೆಯಾಗಿ ಸಮದಪ್ಪವಾಗಿವೆ ಎಂದುಕೊಳ್ಳಿ. ವಾಲಿಸಿದ ಮೇಲೆ ಎಡತೋಳು ಹೆಚ್ಚುಕಡಿಮೆ ನೆಟ್ಟಗಾಗಿ ಸುಮಾರು 6 ಪ್ರತಿಶತ ದಪ್ಪವಾಗುತ್ತದೆ, ಬಲತೋಳು ಇನ್ನಷ್ಟು ಮಲಗಿ ಸುಮಾರು 9 ಪ್ರತಿಶತ ತೆಳುವಾಗುತ್ತದೆ. ಸಮವಾಗಿದ್ದ ಜೋಡಿಯಲ್ಲಿ ಒಂದು ಇನ್ನೊಂದಕ್ಕಿಂತ ಸುಮಾರು 16 ಪ್ರತಿಶತ ದಪ್ಪ. ಉಂಗುರದಂತಿರುವ ‘ಓ’ದ ಗತಿ ಇನ್ನೂ ಕೆಟ್ಟದ್ದು: ಮೇಲಿನ ಬಲ ಮತ್ತು ಕೆಳಗಿನ ಎಡ ಮೂಲೆಗಳಲ್ಲಿ ಗೆರೆ ಸುಮಾರು 13 ಪ್ರತಿಶತ ಉಬ್ಬಿ, ಉಳಿದೆರಡು ಮೂಲೆಗಳಲ್ಲಿ ಸುಮಾರು 12 ಪ್ರತಿಶತ ಸೊರಗುತ್ತದೆ. ತೆಳು ಅಕ್ಷರದಲ್ಲಿ ಈ ಏರುಪೇರು ಕೂದಲೆಳೆಯಷ್ಟು. 34 ಪಾಯಿಂಟಿನ ಬೋಲ್ಡ್‌ನಲ್ಲಿ ಅದು ಹಳೆಯ ಟಯರಿನ ಉಬ್ಬಿನಂತೆ ಎದ್ದು ಕಾಣುತ್ತದೆ.

ಸ್ಲ್ಯಾಬ್‌ಗೆ ಮಾತ್ರ ವಿಶೇಷವಾದ ತೊಂದರೆ ಚಪ್ಪಡಿ ಮತ್ತು ಕಂಬ ಸೇರುವ ಮೂಲೆಯಲ್ಲಿದೆ. ನೆಟ್ಟಗಿನ ಅಕ್ಷರದಲ್ಲಿ ಅಲ್ಲಿ ಎರಡೂ ಕಡೆ 90 ಡಿಗ್ರಿ. ವಾಲಿಸಿದಾಗ ಪಾದದ ಬಲಗಡೆ 76, ಎಡಗಡೆ 104. ಚೂಪಾದ ಮೂಲೆಯಲ್ಲಿ ಶಾಯಿ ತುಂಬಿಕೊಳ್ಳುತ್ತದೆ. ನಯಗೊಳಿಸದ ಕಾಗದವಾದ್ದರಿಂದ ಈ ಪತ್ರಿಕೆಯಲ್ಲಿ ಅದು ಇನ್ನೂ ಹೆಚ್ಚು. ಮೂರನೆಯ ಸಂಚಿಕೆಯನ್ನು ಭೂತಗನ್ನಡಿಯ ಕೆಳಗಿಟ್ಟಾಗ ಪ್ರತಿ ಪಾದದ ಬಲಮೂಲೆಯಲ್ಲೂ ಚಿಕ್ಕದೊಂದು ಕಪ್ಪು ಗಂಟು ಕಂಡಿತು. ಪಾದವೇನೋ ಎರಡೂ ಕಡೆ ಸಮನಾಗಿ ಚಾಚಿದೆ, ಆದರೆ ಅದರ ಮೇಲಿನ ಭಾರವೆಲ್ಲ ಬಲಕ್ಕೆ ಸರಿದಿದೆ. ಎಡಗಡೆಯ ಚಪ್ಪಡಿ ಯಾವುದನ್ನೂ ಹೊರದೆ ಹಿಂದೆ ಉಳಿದುಬಿಡುತ್ತದೆ, ಹಲಗೆಯ ಮೇಲೆ ಮೊಳೆ ಹೊಡೆದು ನಿಲ್ಲಿಸಿದ್ದ ಕಂಬವನ್ನು ಯಾರೋ ತಳ್ಳಿದಂತೆ. ಸಂಪಾದಕರ ಕಣ್ಣಿಗೆ ಬಿದ್ದ ಜಾರುವಿಕೆ ಇದೇ.

ನಿಜವಾದ ಇಟಾಲಿಕ್ ಬರೆಯುವವರು ಈ ತೊಡಕನ್ನು ಬಿಡಿಸುವ ಬಗೆ ಕುತೂಹಲದ್ದು. ಅವರು ಚಪ್ಪಡಿಗಳನ್ನು ತ್ಯಾಗ ಮಾಡುತ್ತಾರೆ. ನೆಟ್ಟಗಿನ ಸಣ್ಣ ‘ಎಂ’ ಅನ್ನು ಪೂರ್ಣವಾಗಿ ಬರೆದರೆ ತಲೆಯಲ್ಲಿ ಒಂದು, ಮೂರು ಪಾದಗಳಲ್ಲಿ ಎರಡೆರಡು, ಒಟ್ಟು ಏಳು ಅರೆಚಪ್ಪಡಿಗಳು. ಕೈಬರಹದ ಹಾದಿಯ ಇಟಾಲಿಕ್‌ನಲ್ಲಿ ಉಳಿಯುವುದು ಎರಡೇ: ಲೇಖನಿ ಒಳಗೆ ಬರುವ ತಲೆಯ ಎಡಗಡೆ ಒಂದು, ಹೊರಗೆ ಹೋಗುವ ಕೊನೆಯ ಪಾದದ ಬಲಗಡೆ ಒಂದು. ನಡುವಿನ ಪಾದಗಳು ಬರಿಗಾಲಲ್ಲಿ ನಿಲ್ಲುತ್ತವೆ. ಉಳಿದ ಎರಡೂ ಚಪ್ಪಡಿಗಳು ಓದುವ ದಿಕ್ಕಿನಲ್ಲೇ ಇರುವುದರಿಂದ ಕಣ್ಣನ್ನು ತಡೆಯದೆ ಮುಂದಿನ ಅಕ್ಷರಕ್ಕೆ ದಾಟಿಸುತ್ತವೆ. ಜೊತೆಗೆ ಸಣ್ಣ ‘ಎ’ ತನ್ನ ಎರಡಂತಸ್ತನ್ನು ಬಿಟ್ಟು ಒಂದೇ ಹೊಟ್ಟೆಯದಾಗುತ್ತದೆ. ದಪ್ಪ ಅಕ್ಷರದಲ್ಲಿ ಅತ್ಯಂತ ಬೇಗ ಮುಚ್ಚಿಹೋಗುವ ಅಕ್ಷರಗಳಲ್ಲಿ ಅದೂ ಒಂದಾದ್ದರಿಂದ ಈ ಬದಲಾವಣೆ ಬರಿಯ ಅಲಂಕಾರವಲ್ಲ. ಸ್ಲ್ಯಾಬ್ ತನ್ನ ಗುರುತನ್ನು ಉಳಿಸಿಕೊಳ್ಳುವುದು ಎಷ್ಟು ಚಪ್ಪಡಿಗಳಿವೆ ಎಂಬುದರಿಂದಲ್ಲ, ಉಳಿದ ಕೆಲವೇ ಚಪ್ಪಡಿಗಳು ಎಷ್ಟು ಖಚಿತವಾಗಿವೆ ಎಂಬುದರಿಂದ ಎಂದು ನನಗೆ ಮನವರಿಕೆಯಾದದ್ದು ಇಲ್ಲಿಯೇ.

ಮೂರು ಅಭ್ಯರ್ಥಿಗಳು

ಬದಲಿ ಹುಡುಕುವಾಗ ಮೂರು ಬಗೆಯ ಬೋಲ್ಡ್ ಇಟಾಲಿಕ್‌ಗಳನ್ನು ಎದುರಿಗಿಟ್ಟುಕೊಂಡೆವು. ಮೊದಲನೆಯದು ಜ್ಯಾಮಿತಿಯ ಸ್ಲ್ಯಾಬ್, ವಾಲಿಸಿ ತಿದ್ದಿದ ಇಟಾಲಿಕ್. ಎರಡನೆಯದು ಕ್ಲಾರೆಂಡನ್ ವಂಶದ್ದು, ಬಾಗಿದ ಜೋಡಣೆ ಮತ್ತು ಗುಂಡು ತುದಿಗಳಿರುವಂಥದ್ದು. ಮೂರನೆಯದು ಲೇಖನಿಯ ಹಾದಿಯದು. ಪರದೆಯ ಮೇಲೆ ನೋಡಿ ತೀರ್ಮಾನಿಸುವುದು ಬೇಡ ಎಂದು ಹಟ ಹಿಡಿದು, ಪತ್ರಿಕೆಯ ಅದೇ ಕಾಗದದ ಮೇಲೆ, ಅದೇ ಮುದ್ರಣಾಲಯದಲ್ಲಿ ಪ್ರೂಫ್ ತೆಗೆಸಿದೆವು. ಪರೀಕ್ಷೆಗೆ ಆರಿಸಿದ್ದು ಚೆಂದದ ಪದಗಳಲ್ಲ, ತೊಂದರೆ ಕೊಡುವ ಪದಗಳು: ಕಂಬಗಳು ಒತ್ತೊತ್ತಾಗಿ ಬರುವ ‘ಮಿನಿಮಮ್’, ‘ಹಿಲ್’, ‘ಮಿಲಿಮೀಟರ್’; ಓರೆ ತೋಳುಗಳು ತುಂಬಿದ ‘ವೇವ್’; ಅಂಕಿಗಳ ಸಾಲುಗಳು; ತಲೆಯ ಮೇಲೆ ಚಿಹ್ನೆ ಹೊತ್ತು ಬರುವ ‘ಎತಾಪ್’ ಎಂಬ ಫ್ರೆಂಚ್ ಪದ, ಪಂದ್ಯದ ಒಂದು ಹಂತ ಎಂಬ ಅರ್ಥದ್ದು, ಸೈಕಲ್ ಪತ್ರಿಕೆಯಲ್ಲಿ ಪುಟಪುಟಕ್ಕೂ ಬರುವಂಥದ್ದು.

ಜ್ಯಾಮಿತಿಯ ಅಕ್ಷರ ದೂರದಿಂದ ಅದ್ಭುತವಾಗಿ ಕಂಡಿತು. ಗೋಡೆಗೆ ಅಂಟಿಸಿ ಕೋಣೆಯ ಇನ್ನೊಂದು ತುದಿಯಿಂದ ನೋಡಿದರೆ ಅದರಷ್ಟು ಗಟ್ಟಿಯಾಗಿ ನಿಲ್ಲುವುದು ಇನ್ನಾವುದೂ ಇರಲಿಲ್ಲ. ಮಡಿಲಲ್ಲಿಟ್ಟು ಓದುವ ಪತ್ರಿಕೆಯ ದೂರಕ್ಕೆ ಬಂದಾಗ ‘ಮಿನಿಮಮ್’ ಎಂಬುದು ಬೇಲಿಯಂತಾಯಿತು: ಪಕ್ಕಪಕ್ಕದ ಪಾದಗಳು ಒಂದಕ್ಕೊಂದು ತಾಗಿ ಸಾಲಿನ ಅಡಿಯಲ್ಲಿ ಉದ್ದಕ್ಕೂ ಒಂದು ಕಪ್ಪು ಪಟ್ಟಿ. ಅಕ್ಷರಗಳ ನಡುವೆ ಅಂತರ ಹೆಚ್ಚಿಸಿದರೆ ಪಟ್ಟಿ ಒಡೆಯುತ್ತದೆ, ಆದರೆ ಪದವೂ ಒಡೆಯುತ್ತದೆ. ಕ್ಲಾರೆಂಡನ್ ವಂಶದ್ದು ಬೆಚ್ಚಗಿನ, ಮಾತುಗಾರನ ಸ್ವಭಾವದ ಅಕ್ಷರ. ನನಗೆ ಅದರ ಮೇಲೆ ಮೋಹವಿತ್ತು ಎಂಬುದನ್ನು ಒಪ್ಪಿಕೊಳ್ಳುತ್ತೇನೆ. ಆದರೆ ಗುಂಡು ತುದಿಗಳು ಬೋಲ್ಡ್‌ನಲ್ಲಿ ಉಬ್ಬಿ, ಓರೆಯಲ್ಲಿ ಮುಂದಕ್ಕೆ ಬಾಗಿ, ಪಂದ್ಯದ ವರದಿಗೆ ಹಳೆಯ ಜಾತ್ರೆಯ ಕರಪತ್ರದ ಕಳೆ ತಂದವು. ಸಂಪಾದಕರು ನೋಡಿದ ಕ್ಷಣವೇ ಬೇಡವೆಂದರು.

ಉಳಿದದ್ದು ಮೂರನೆಯದು. ಅದರ ಓರೆ ಮೊದಲಿನದಕ್ಕಿಂತ ಕಡಿಮೆ, ಆದರೂ ಹೆಚ್ಚು ವೇಗವಾಗಿ ಕಾಣುತ್ತಿತ್ತು. ಸಭೆಯಲ್ಲಿ ಇದನ್ನು ನಂಬಿಸಲು ಎರಡನ್ನೂ ಒಂದರ ಕೆಳಗೊಂದು ಇಟ್ಟು ಕೋನಮಾಪಕ ಹಿಡಿದು ತೋರಿಸಬೇಕಾಯಿತು. ವೇಗದ ಭಾವ ಬರುವುದು ಕೋನದಿಂದಲ್ಲ, ಪಾದಗಳು ಬಿಡುಗಡೆಯಾದದ್ದರಿಂದ. ಅಗಲವೂ ನೆಟ್ಟಗಿನ ಬೋಲ್ಡ್‌ಗಿಂತ ಕಡಿಮೆ, ಹಾಗಾಗಿ ಶೀರ್ಷಿಕೆಯಲ್ಲಿ ಒಂದೆರಡು ಪದ ಹೆಚ್ಚಿಗೆ ಹಿಡಿಯುತ್ತಿತ್ತು. ಕಪ್ಪು ಹಿನ್ನೆಲೆಯ ಮೇಲೆ ಬಿಳಿ ಅಕ್ಷರವಾಗಿ ಅಚ್ಚು ಹಾಕಿದಾಗ ಮೂರೂ ಚೆನ್ನಾಗಿಯೇ ಬಂದವು. ಸ್ಲ್ಯಾಬ್‌ನಲ್ಲಿ ಶಾಯಿ ನುಂಗಿಹಾಕಬಹುದಾದ ತೆಳುಗೆರೆಯೇ ಇಲ್ಲವಾದ್ದರಿಂದ ಛಾಯಾಚಿತ್ರದ ಮೇಲೆ ಬಿಳಿಯಾಗಿ ಬರೆಯುವ ಕೆಲಸಕ್ಕೆ ಈ ಜಾತಿ ಹೇಳಿ ಮಾಡಿಸಿದಂತಿದೆ.

ಎಲ್ಲಿ ಕೂರಿಸಿದೆವು

ಲೇಖನದ ಮುಖ್ಯ ಶೀರ್ಷಿಕೆ, ಪುಟದ ನಡುವೆ ಎತ್ತಿ ತೋರಿಸುವ ಉದ್ಧೃತ ವಾಕ್ಯ, ಹಂತದ ಸಂಖ್ಯೆ. ಈ ಮೂರಕ್ಕೆ ಒಪ್ಪಿಗೆ ಸುಲಭವಾಗಿ ಸಿಕ್ಕಿತು. ಶೀರ್ಷಿಕೆ ಎರಡು ಸಾಲನ್ನು ಮೀರಬಾರದು, ಉದ್ಧೃತ ವಾಕ್ಯ ಇಪ್ಪತ್ತು ಪದಗಳನ್ನು ದಾಟಬಾರದು ಎಂದು ನಿಯಮ ಬರೆದೆ. ದಪ್ಪವೂ ಒತ್ತು, ಓರೆಯೂ ಒತ್ತು. ಎರಡು ಒತ್ತುಗಳನ್ನು ಒಟ್ಟಿಗೆ ಹೊತ್ತ ಅಕ್ಷರ ಉದ್ದಕ್ಕೆ ಮಾತಾಡಿದರೆ ಯಾವುದಕ್ಕೂ ಒತ್ತು ಇಲ್ಲದಂತಾಗುತ್ತದೆ.

ಚಿತ್ರದ ಅಡಿಬರಹಗಳಿಗೂ ಇದನ್ನೇ ಬಳಸೋಣ ಎಂದು ಸೂಚಿಸಿದ್ದು ನಾನೇ, ಅದು ನನ್ನ ತಪ್ಪು. ಛಾಯಾಚಿತ್ರದ ಅಂಚಿನಲ್ಲಿ ಎರಡು ಸಾಲು ದಪ್ಪ ಓರೆ ಅಕ್ಷರ, 8.5 ಪಾಯಿಂಟಿನಲ್ಲಿ, ಪರದೆಯ ಮೇಲೆ ಹಿಗ್ಗಿಸಿ ನೋಡಿದಾಗ ಚುರುಕಾಗಿ ಕಂಡಿತ್ತು. ಅಚ್ಚಾದ ಮೇಲೆ ಸಣ್ಣ ‘ಇ’ಯ ಕಣ್ಣು ಮುಚ್ಚಿಹೋಗಿತ್ತು, ‘ಎಸ್’ ಒಂದು ಕಪ್ಪು ಹುಳುವಾಗಿತ್ತು, ಸವಾರರ ಹೆಸರುಗಳನ್ನು ಬಿಡಿಸಿ ಓದಬೇಕಾಗಿತ್ತು. ದಪ್ಪ ಅಕ್ಷರದ ಒಳಬಯಲು ಮೊದಲೇ ಇಕ್ಕಟ್ಟು, ಇಟಾಲಿಕ್‌ನಲ್ಲಿ ಅಗಲ ಕಡಿಮೆಯಾಗಿ ಇನ್ನೂ ಇಕ್ಕಟ್ಟು, ಶಾಯಿ ಹರಡಿ ಉಳಿದದ್ದನ್ನೂ ತುಂಬುತ್ತದೆ. ಮುಂದಿನ ಸಂಚಿಕೆಯಲ್ಲಿ ಅಡಿಬರಹಗಳು ಅದೇ ಕುಟುಂಬದ ನೆಟ್ಟಗಿನ ಸಾಮಾನ್ಯ ತೂಕಕ್ಕೆ ಮರಳಿದವು. ಛಾಯಾಚಿತ್ರ ತೆಗೆದವರ ಹೆಸರು ಮಾತ್ರ ತೆಳು ಇಟಾಲಿಕ್‌ನಲ್ಲಿ.

ಪತ್ರಿಕೆಯ ಹೆಸರಿನ ಪಟ್ಟಿಗೆ ಅಕ್ಷರವನ್ನು ಇದ್ದಂತೆಯೇ ಬಳಸಲಿಲ್ಲ. ಅಷ್ಟು ದೊಡ್ಡ ಗಾತ್ರದಲ್ಲಿ ಓದುವ ಅಳತೆಗೆಂದು ಬಿಟ್ಟ ಅಂತರಗಳು ಹೊಂಡಗಳಂತೆ ಕಾಣುತ್ತವೆ, ಆದ್ದರಿಂದ ಅಕ್ಷರಗಳನ್ನು ಒತ್ತಿ ಕೂರಿಸಿ, ಪರವಾನಗಿ ಅವಕಾಶ ಕೊಡುವುದನ್ನು ಖಚಿತಪಡಿಸಿಕೊಂಡು, ಎರಡು ಕಡೆ ಪಕ್ಕದ ಚಪ್ಪಡಿಗಳನ್ನು ಒಂದಕ್ಕೊಂದು ಬೆಸೆದೆವು. ಓದುವ ಪಠ್ಯದಲ್ಲಿ ದೋಷವಾಗಿದ್ದ ಅದೇ ತಾಗುವಿಕೆ ಲಾಂಛನದಲ್ಲಿ ಗುಣವಾಯಿತು.

ಚಿಕ್ಕ ಕಿರಿಕಿರಿಗಳು

ಮಾದರಿ ಹಾಳೆಗಳಲ್ಲಿ ಕಾಣದ ಸಮಸ್ಯೆಗಳು ನಿಜವಾದ ಪುಟ ಕಟ್ಟುವಾಗ ಒಂದೊಂದಾಗಿ ಹೊರಬಂದವು, ಸಮಯವನ್ನು ತಿಂದದ್ದೂ ಹೆಚ್ಚಾಗಿ ಅವೇ.

ಎಡ ಅಂಚಿಗೆ ಜೋಡಿಸಿದ ಶೀರ್ಷಿಕೆ ಅಂಚಿಗೆ ಸರಿಯಾಗಿ ನಿಂತಂತೆ ಕಾಣಲಿಲ್ಲ. ವಾಲಿದ ದೊಡ್ಡಕ್ಷರದ ಪಾದ ಅಂಚನ್ನು ಮುಟ್ಟಿದರೆ ತಲೆ ಒಳಗೆ ಸರಿದಿರುತ್ತದೆ, ಹಾಗಾಗಿ ಶೀರ್ಷಿಕೆಯ ಕೆಳಗೆ ನೆಟ್ಟಗೆ ಶುರುವಾಗುವ ಲೇಖನದ ಅಂಕಣಕ್ಕಿಂತ ಶೀರ್ಷಿಕೆ ಬಲಕ್ಕೆ ಹೋದಂತೆ ತೋರುತ್ತದೆ. ‘ಟಿ’ಯಿಂದ ಶುರುವಾದಾಗ ಒಂದು ಬಗೆ, ‘ಎ’ಯಿಂದ ಶುರುವಾದಾಗ ಇನ್ನೊಂದು. ಇದಕ್ಕೆ ಲೆಕ್ಕ ಹಾಕಿದ ಪರಿಹಾರ ಸಿಗಲಿಲ್ಲ. ಪ್ರತಿ ಶೀರ್ಷಿಕೆಯನ್ನೂ ಕಣ್ಣಳತೆಯಲ್ಲಿ ಎಡಕ್ಕೆ ತುಸು ಎಳೆಯುವುದನ್ನು ಪುಟ ಕಟ್ಟುವವರಿಗೆ ಹೇಳಿಕೊಟ್ಟೆ.

ತಲೆಚಿಹ್ನೆಗಳ ಪ್ರಶ್ನೆಯೂ ಇತ್ತು. ‘ಎತಾಪ್’ನ ದೊಡ್ಡಕ್ಷರದ ಮೇಲಿನ ದಪ್ಪ ಚಿಹ್ನೆ ಎರಡನೆಯ ಸಾಲಿನಲ್ಲಿ ಬಂದಾಗ ಮೇಲಿನ ಸಾಲಿನ ‘ಜಿ’ ಅಥವಾ ‘ವೈ’ಯ ಬಾಲಕ್ಕೆ ತಾಗುತ್ತಿತ್ತು. 34 ಪಾಯಿಂಟಿನ ಅಕ್ಷರಕ್ಕೆ ಇಟ್ಟಿದ್ದ 36ರ ಸಾಲಂತರವನ್ನು 39ಕ್ಕೆ ಏರಿಸಿದೆವು. ಇಡೀ ಪತ್ರಿಕೆಗೆ ಒಂದೇ ಅಂತರ ಇಡುವುದೋ, ತಾಗಿದಲ್ಲಿ ಮಾತ್ರ ಏರಿಸುವುದೋ ಎಂಬ ಚರ್ಚೆಯಾಗಿ, ಒಂದೇ ಇರಲಿ ಎಂದಾಯಿತು.

ಶೀರ್ಷಿಕೆಯೊಳಗೆ ಪುಸ್ತಕದ ಹೆಸರೋ ಹಡಗಿನ ಹೆಸರೋ ಬಂದರೆ ರೂಢಿಯಂತೆ ಅದು ಇಟಾಲಿಕ್ ಆಗಬೇಕು. ಶೀರ್ಷಿಕೆಯೇ ಇಟಾಲಿಕ್ ಆಗಿರುವಾಗ ಆ ಹೆಸರು ನೆಟ್ಟಗಾಗುತ್ತದೆ. ಪುಸ್ತಕದ ಅಕ್ಷರದಲ್ಲಿ ಈ ತಿರುವು ಕಣ್ಣಿಗೆ ಹಿತವಾಗಿರುತ್ತದೆ. ದಪ್ಪ ಸ್ಲ್ಯಾಬ್‌ನಲ್ಲಿ, ಓಡುತ್ತಿದ್ದ ಸಾಲಿನ ನಡುವೆ ಚಪ್ಪಡಿಗಳನ್ನೆಲ್ಲ ಹೊತ್ತ ನೆಟ್ಟಗಿನ ಪದ ಬಂದರೆ ದಾರಿಯಲ್ಲಿ ಕಲ್ಲು ಇಟ್ಟಂತೆ. ಅಂತಹ ಕಡೆ ಉದ್ಧರಣ ಚಿಹ್ನೆ ಬಳಸುವುದೆಂದು ಸಂಪಾದಕರು ರೂಢಿಯನ್ನೇ ಬದಲಿಸಿದರು.

ಜಾಲತಾಣದ ಕೆಲಸ ಹೆಚ್ಚಿರಲಿಲ್ಲ. ಬೋಲ್ಡ್ ಇಟಾಲಿಕ್‌ನ ಕಡತವನ್ನು ಪ್ರತ್ಯೇಕವಾಗಿ ಒದಗಿಸಿ, ತೂಕ ಮತ್ತು ಓರೆ ಎರಡನ್ನೂ ಅದರ ಹೆಸರಿಗೆ ಸರಿಯಾಗಿ ಜೋಡಿಸಿ, ಬ್ರೌಸರ್ ತಾನೇ ಅಕ್ಷರವನ್ನು ವಾಲಿಸುವುದನ್ನೂ ದಪ್ಪ ಮಾಡುವುದನ್ನೂ ‘ಫಾಂಟ್-ಸಿಂಥೆಸಿಸ್’ ಸೂಚನೆಯಿಂದ ನಿಲ್ಲಿಸಲಾಯಿತು. ಕಡತ ತಡವಾಗಿ ಇಳಿದರೆ ಶೀರ್ಷಿಕೆ ಕ್ಷಣಕಾಲ ನೆಟ್ಟಗಿನ ಅಕ್ಷರದಲ್ಲಿ ಕಾಣುತ್ತದೆ, ಸುಳ್ಳು ಓರೆಗಿಂತ ಅದೇ ವಾಸಿ. 2016ರಲ್ಲಿ ಬಂದ ವೇರಿಯಬಲ್ ಫಾಂಟ್ ತಂತ್ರವನ್ನು ಬಳಸಿ ಒಂದೇ ಕಡತದಲ್ಲಿ ಎಲ್ಲವನ್ನೂ ತರಬಹುದಲ್ಲ ಎಂದು ತಾಣದ ತಂತ್ರಜ್ಞರು ಕೇಳಿದರು. ಓರೆಯ ಅಕ್ಷವೊಂದನ್ನು ಎಳೆದು ನೆಟ್ಟಗಿನದನ್ನು ಬಾಗಿಸುವ ಫಾಂಟ್ ಕೊಡುವುದು ವಾಲಿಸಿ ತಿದ್ದಿದ ಇಟಾಲಿಕ್ ಅನ್ನೇ. ಎರಡಂತಸ್ತಿನ ‘ಎ’ಯನ್ನು ಒಂದಂತಸ್ತಿನದಾಗಿ ಎಳೆದು ಬದಲಿಸಲಾಗದು, ಅದಕ್ಕೆ ಬೇರೆ ಅಕ್ಷರವೇ ಬೇಕು. ನಮಗೆ ಬೇಕಿದ್ದುದು ಶೀರ್ಷಿಕೆಯ ಒಂದೇ ರೂಪವಾದ್ದರಿಂದ ಒಂದೇ ಸ್ಥಿರ ಕಡತ ಸಾಕಾಯಿತು.

ಬ್ರೌಸರ್ ಪಟ್ಟಿಯಲ್ಲಿ ಕಾಣುವ ಚಿಕ್ಕ ಗುರುತಿಗೆ ಮಾತ್ರ ಈ ಅಕ್ಷರ ಒಗ್ಗಲಿಲ್ಲ. ಬದಿಗೆ ಹದಿನಾರು ಚುಕ್ಕೆಗಳ (ಪಿಕ್ಸೆಲ್‌ಗಳ) ಚೌಕದಲ್ಲಿ ಅಡ್ಡ ಚಪ್ಪಡಿ ಚುಕ್ಕೆಗಳ ಸಾಲಿಗೆ ನೇರವಾಗಿ ಕುಳಿತು ಚೊಕ್ಕವಾಗಿ ಬರುತ್ತದೆ, ಓರೆ ಕಂಬ ಮೆಟ್ಟಿಲು ಮೆಟ್ಟಿಲಾಗಿ ಒಡೆಯುತ್ತದೆ. ಅಲ್ಲಿ ನೆಟ್ಟಗಿನ ಬೋಲ್ಡ್‌ನ ಒಂದಕ್ಷರವನ್ನೇ ಇಟ್ಟೆವು.

ನಾಲ್ಕನೆಯ ಸಂಚಿಕೆಯ ನಂತರ

ಬದಲಾದ ಅಕ್ಷರದ ಬಗ್ಗೆ ಓದುಗರಿಂದ ಪತ್ರಗಳೇನೂ ಬರಲಿಲ್ಲ, ಬರಲಿ ಎಂಬ ನಿರೀಕ್ಷೆಯೂ ಇರಲಿಲ್ಲ. ಸಂಪಾದಕರು ಮಾತ್ರ ಶೀರ್ಷಿಕೆ ಬರೆಯುವ ಕ್ರಮವನ್ನೇ ಬದಲಿಸಿಕೊಂಡರು. ಮೊದಲು ಎಂಟು ಹತ್ತು ಪದಗಳ ಶೀರ್ಷಿಕೆ ಬರೆಯುತ್ತಿದ್ದವರು ಈಗ ನಾಲ್ಕೈದಕ್ಕೆ ಇಳಿದಿದ್ದರು, ಕ್ರಿಯಾಪದವನ್ನು ಮುಂದಕ್ಕೆ ತರುತ್ತಿದ್ದರು. ಇದು ಅಕ್ಷರದ ಪರಿಣಾಮವೋ, ನಾನು ಬರೆದಿಟ್ಟ ಎರಡು ಸಾಲಿನ ನಿಯಮದ ಪರಿಣಾಮವೋ ಎಂದು ಬಿಡಿಸಿ ಹೇಳುವುದು ಕಷ್ಟ.

ತೀರ್ಮಾನವಾಗದೆ ಉಳಿದಿರುವುದು ಫಲಿತಾಂಶದ ಪಟ್ಟಿ. ಪ್ರತಿ ಸಂಚಿಕೆಯ ಕೊನೆಯಲ್ಲಿ ಪಂದ್ಯಗಳ ಹಂತವಾರು ಸಮಯಗಳ ದೊಡ್ಡ ಪಟ್ಟಿಯಿರುತ್ತದೆ. ಅಂಕಿಗಳು ಒಂದರ ಕೆಳಗೊಂದು ನಿಲ್ಲಬೇಕಾದ ಜಾಗದಲ್ಲಿ ಓರೆ ಅಂಕಿಗಳನ್ನು ಇಟ್ಟರೆ ಪ್ರತಿ ಅಂಕಿಯ ಅಗಲ ಸಮನಾಗಿದ್ದರೂ ಕಂಬಸಾಲು ಹಲ್ಲುಹಲ್ಲಾಗಿ ಕಾಣುತ್ತದೆ. ಅದಕ್ಕೆಂದು ಪಟ್ಟಿಯನ್ನು ಪೂರ್ತಿ ನೆಟ್ಟಗಿನ ಸಾಮಾನ್ಯ ತೂಕದಲ್ಲಿ ಕಟ್ಟಿ, ಗೆದ್ದವರ ಒಂದು ಸಾಲನ್ನು ಮಾತ್ರ ಬೋಲ್ಡ್ ಇಟಾಲಿಕ್‌ನಲ್ಲಿ ಬಿಟ್ಟಿದ್ದೇನೆ. ಒಂದೇ ಸಾಲಾದ್ದರಿಂದ ಕೆಳಗೆ ಹೊಂದಿಸಬೇಕಾದ ತೊಂದರೆಯಿಲ್ಲ. ಮೊದಲ ಮೂವರ ಸಾಲುಗಳೂ ಹಾಗೆಯೇ ಇರಬೇಕು, ವೇದಿಕೆ ಹತ್ತುವವರು ಮೂವರಲ್ಲವೇ ಎಂಬುದು ಸಂಪಾದಕರ ವಾದ. ಮೂರು ಸಾಲಿನ ಪ್ರೂಫ್ ತೆಗೆಸಿ ಅವರ ಮೇಜಿನ ಮೇಲೆ ಇಟ್ಟು ಬಂದಿದ್ದೇನೆ. ಎರಡನೆಯ ಸಾಲಿನ ‘7’ರ ಬುಡ ಮೂರನೆಯ ಸಾಲಿನ ‘7’ರ ತಲೆಗೆ ಎಲ್ಲಿ ಹೊಂದುವುದಿಲ್ಲ ಎಂಬುದನ್ನು ಪೆನ್ಸಿಲ್‌ನಲ್ಲಿ ಗುರುತು ಮಾಡಿದ್ದೇನೆ.